ಮಾಹಿತಿ ನೀಡಿದವರು

ತೋಟದ ಕೆಲಸದ ಜುಂಜಮ್ಮ ತೆಂಗಿನಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಮೂಗಿ" ಎಂದು ಅಟ್ಟದ ಮೂಲೆಗೆ ಉರುಳಿಸಿದಳು. ನೀರು ಬತ್ತಿದೆ, ಕೊಬ್ಬರಿ ಇನ್ನೂ ಕರಟ ಬಿಟ್ಟಿಲ್ಲ. ಅಂಥ ಕಾಯಿ ಸದ್ದು ಮಾಡುವುದಿಲ್ಲ. ಏಣಿಯ ತುದಿಯಲ್ಲಿ ಕಿರುಪ್ರಬಂಧವನ್ನು ಎದೆಗವಚಿಕೊಂಡು ಕೂತಿದ್ದ ವರ್ಷಿಣಿ, ಮಾತು ಹೇಗೆ ಶುರು ಮಾಡುವುದೆಂದು ತಿಳಿಯದೆ ಕಾಲು ಗಂಟೆ ಕಳೆದಿದ್ದಳು.

"ಯಜಮಾನ್ರು ತಿಪಟೂರಿಗೆ ಹೋಗಿರೋ ಹೊತ್ತು ನೋಡ್ಕಂಡು ಬಂದಿದೀಯ. ಕಾಯಿ ಕದಿಯಕ್ಕೇನವ್ವ?"

ವರ್ಷಿಣಿ ನಕ್ಕಳು, ನಗುವಿನ ಜೊತೆಗೇ ಹೇಳಿಬಿಟ್ಟಳು. ಮೂರು ವರ್ಷದ ಹಿಂದೆ ಇದೇ ಅಟ್ಟದಲ್ಲಿ ಬರೆದುಕೊಂಡ, ಕಾಯಿಯ ಸದ್ದನ್ನು ಹೆಸರಿಸುವ ಪದಗಳು ಎಂ.ಎ. ಕಿರುಪ್ರಬಂಧವಾಗಿ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದ್ದವು. ಈಗ ಅಲ್ಲಿನ ದಿವ್ಯ ಎನ್ನುವವರು ಫೋನ್ ಮಾಡಿ, ಅಂಥವನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕುತ್ತಿದ್ದೇವೆ, ಇನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು, ಮಾಹಿತಿ ಕೊಟ್ಟವರ ಒಪ್ಪಿಗೆ ಬೇಕು ಎಂದಿದ್ದರು. ತೋಟದ ಯಜಮಾನ ಮಲ್ಲಿಕಾರ್ಜುನಯ್ಯ ಬೆಳಿಗ್ಗೆಯೇ ಸಹಿ ಹಾಕಿಕೊಟ್ಟಿದ್ದರು. ಅಷ್ಟೇ ಸಾಕಿತ್ತು. ಆದರೂ ಅವಳು ಏಣಿ ಹತ್ತಿದ್ದಳು.

"ಯಾರು ಬೇಕಾದ್ರೂ ಅಂದ್ರೆ ಯಾರು?" ಜುಂಜಮ್ಮ ಕೇಳಿದಳು.

"ಯಾರು ಬೇಕಾದ್ರೂ."

"ಹಂಗಂದ್ರೆ ಯಾರೂ ಇಲ್ಲ ಅನ್ನು."

ಹೋದ ವರ್ಷ ಅಂಕಪಟ್ಟಿ ತರಲು ಹೋದಾಗ ವರ್ಷಿಣಿ ಗ್ರಂಥಾಲಯದ ಪ್ರತಿಯನ್ನು ಕಪಾಟಿನಿಂದ ತೆಗೆದು ನೋಡಿದ್ದಳು. ಬೈಂಡಿಂಗಿನ ಅಂಟಿಗೆ ಮೆತ್ತಿಕೊಂಡಿದ್ದ ಎರಡು ಹಾಳೆಗಳನ್ನು ಯಾರೂ ಬಿಡಿಸಿರಲಿಲ್ಲ. ಅವಳೂ ಬಿಡಿಸದೆ ಇಟ್ಟು ಬಂದಿದ್ದಳು.

"ಆಗ್ಲಿ, ಹಾಕು." ಜುಂಜಮ್ಮ ಕೈ ಒರೆಸಿಕೊಂಡು ಹತ್ತಿರ ಬಂದಳು. "ನಾನು ಎಲ್ಲಿದೀನಿ ತೋರ್ಸು."

ಕೊನೆಯ ಹಾಳೆಯಲ್ಲಿ 'ಮಾಹಿತಿ ನೀಡಿದವರು' ಎಂಬುದರ ಕೆಳಗೆ ನಲವತ್ತೊಂದು ಪದಗಳಿಗೂ ಒಂದೇ ಹೆಸರಿತ್ತು: ಮಲ್ಲಿಕಾರ್ಜುನಯ್ಯ, ಹೊನ್ನವಳ್ಳಿ. ಪದಗಳನ್ನು ಬರೆದುಕೊಂಡ ದಿನ ಅವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಯಿ ರಾಶಿಯ ಹಿಂದಿನಿಂದ ಜುಂಜಮ್ಮ ಹೇಳಿದ್ದನ್ನೇ ಅವರು ತಿರುಗಿ ಹೇಳುತ್ತಿದ್ದರು. ಅವರನ್ನು ದಾಟಿ ರಾಶಿಯ ಹಿಂದಿನವಳನ್ನು ಹೆಸರು ಕೇಳಲು ವರ್ಷಿಣಿಗೆ ಬಾಯಿ ಬಂದಿರಲಿಲ್ಲ. ಜುಂಜಮ್ಮ ಎಂದು ತಿಳಿದದ್ದು ಇವತ್ತು, ಕೆಳಗೆ ಕೇಳಿದಾಗ.

ಜುಂಜಮ್ಮನಿಗೆ ಓದು ಬರದು. ಯಾವ ಸಾಲು ತೋರಿಸಿದರೂ ನಡೆಯುತ್ತಿತ್ತು. ವರ್ಷಿಣಿಯ ಬೆರಳು ಹಾಳೆಯವರೆಗೂ ಹೋಯಿತು.

"ಇಲ್ಲ ಜುಂಜಮ್ಮ. ನಿಮ್ಮ ಹೆಸರು ಬರ್ದಿಲ್ಲ. ಎಲ್ಲಾ ಯಜಮಾನ್ರು ಹೇಳಿದ್ದು ಅಂತ ಬರ್ದಿದೀನಿ."

ಜುಂಜಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು. ಅಲ್ಲಾಡಿಸಲಿಲ್ಲ. "ಮೂಗಿ ಅನ್ನೋದೂ ಅವರದೇಯಾ? ಅದು ನಮ್ಮವ್ವ ಅಂಕಮ್ಮನ ಮಾತು ಕಣೇ."

ವರ್ಷಿಣಿ ಅಲ್ಲಿಂದಲೇ ದಿವ್ಯಗೆ ಫೋನ್ ಮಾಡಿದಳು.

"ಒಳಗಡೆ ತಿದ್ದಕ್ಕಾಗಲ್ಲ ಮೇಡಂ. ತಿದ್ದುಪಡಿ ಹಾಳೆ ಬರ್ದು ಸೈನ್ ಮಾಡಿ ಕಳ್ಸಿ, ಮುಂದುಗಡೆ ಸೇರಿಸ್ತೀವಿ. ಆದ್ರೆ ತೆಗೆದವ್ರಿಗೆ ಮೊದ್ಲು ಕಾಣೋದೇ ಅದು. ಬೇಡ ಅನ್ಸಿದ್ರೆ 'ಗ್ರಂಥಾಲಯದೊಳಗೆ ಮಾತ್ರ' ಅಂತ ಟಿಕ್ ಮಾಡ್ಬಿಡಿ, ಯಾರಿಗೂ ಗೊತ್ತಾಗಲ್ಲ."

ಯಾರೂ ಓದದಿದ್ದುದನ್ನು ಯಾರಾದರೂ ತೆರೆದರೆ ಮೊದಲು ಎದುರಾಗುವುದು ಅವಳ ತಪ್ಪು. ಹಾಗೆ ತೆರೆಯುವವರು ಯಜಮಾನರ ಮನೆಯವರೂ ಆಗಬಹುದು. ವರ್ಷಿಣಿ ಮೊಬೈಲಿನಲ್ಲಿ ದಿವ್ಯ ಕಳಿಸಿದ್ದ ಅರ್ಜಿ ತೆರೆದು 'ಎಲ್ಲರಿಗೂ ಮುಕ್ತ' ಎಂಬ ಖಾನೆ ಒತ್ತಿ, ಬ್ಯಾಗಿನಿಂದ ಬಿಳಿ ಹಾಳೆ ತೆಗೆದಳು.

"ಒಂದೊಂದೇ ಓದ್ತೀನಿ. ಯಾರ ಮಾತು ಅಂತ ಹೇಳಿ."

"ಬರೀ ಜುಂಜಮ್ಮ ಅನ್ಬೇಡ. ನಮ್ಮ ಹಟ್ಟೀಲಿ ಒಂಬತ್ತು ಜನ ಜುಂಜಮ್ಮಂದ್ರವ್ರೆ. ಆ ಮೂಲೆಮನೆಯೋಳು ನಾನೇ ಅಂತ ಮೆರೀತಾಳೆ. ಅಂಕಮ್ಮನ ಮಗಳು ಅಂತ ಹಾಕು."

ಹಾಗೆಯೇ ಬರೆದಳು. "ನಂದು, ಅವ್ವಂದು, ನಂದು" ಎನ್ನುತ್ತ ಹೋದಳು ಜುಂಜಮ್ಮ. "ಇದು ಯಜಮಾನ್ರದ್ದೇ. ಪಾಪ, ಅದೊಂದು ಅವರಿಗೇ ಬುಡು."

ಮೂವತ್ತೆಂಟನೆಯದು 'ಪಿಸುಗಾಯಿ'. ಕೊಬ್ಬರಿ ಆಗತಾನೆ ಕರಟ ಬಿಟ್ಟಿರುವ, ಕಿವಿಗೆ ಒತ್ತಿ ಹಿಡಿದರೆ ಮಾತ್ರ ಕೇಳಿಸುವ ಕಾಯಿ.

"ಇದು?"

"ನಿಂದಲ್ವೇನೇ ಅದು! ಆವತ್ತು ನನ್ ಕೈಯಿಂದ ಕಾಯಿ ಇಸ್ಕಂಡು ಕಿವಿಗಿಟ್ಕಂಡು ನೀನೇ ಅಂದಿದ್ದು. ಈಗ ನಾವೆಲ್ಲ ಹಂಗೇ ಅನ್ನೋದು. ಮಾಯಸಂದ್ರಕ್ಕೆ ಕೆಲಸಕ್ಕೆ ಹೋದೋರು ಅಲ್ಲೂ ಅಂತಾರೆ ಕಣವ್ವ."

ವರ್ಷಿಣಿಗೆ ನೆನಪಿರಲಿಲ್ಲ. ಪದವನ್ನು ಬರೆದು, ಅದರ ಮುಂದೆ ತನ್ನ ಹೆಸರಿನ ಮೊದಲಕ್ಷರ ಬರೆದಳು. ನೆನಪೇ ಇಲ್ಲದ ಮಾತನ್ನು ತನ್ನದೆಂದು ಹೇಗೆ ಬರೆಯುವುದೆಂದು ಪೆನ್ನು ಅಲ್ಲೇ ನಿಂತಿತು. ಜುಂಜಮ್ಮ ಅವಸರ ಮಾಡಲಿಲ್ಲ. ಗಾಳಿಗೆ ಹಾಳೆ ಮಗುಚದಂತೆ ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಕೂತಳು.