ಹೆಸರು ತೊಳೆದ ಪ್ಲೇಟು

ಕಿರ್ ಕಿರ್ ಎನ್ನುತ್ತಿದೆ, ಹಾಡು ಇನ್ನೂ ಶುರುವಾಗಿಲ್ಲ, ಒಣಗಿದ ಎಲೆಗಳ ಮೇಲೆ ಯಾರೋ ಬರಿಗಾಲಲ್ಲಿ ಮೆಲ್ಲಗೆ ನಡೆದು ಬರುತ್ತಿರುವ ಹಾಗೆ, ಸೂಜಿ ಗ್ರಾಮಫೋನ್ ಪ್ಲೇಟಿನ ಅಂಚಿನಿಂದ ಒಳಗೊಳಗೆ ಸರಿಯುತ್ತಿದೆ, ಅವಳ ಬೆರಳಿಗೆ ಸೀಮೆಸುಣ್ಣದ ಪುಡಿ ಮೆತ್ತಿದೆ, ಪ್ಲೇಟಿಗೂ ತಾಗಿತೋ ಏನೋ, ಅಣ್ಣ ನೋಡಿದರೆ ಬೈಯುತ್ತಾನೆ — ಅಣ್ಣ ನೋಡುತ್ತಲೇ ಇದ್ದಾನೆ, ಕೊನೆಯ ಬೆಂಚಿನಲ್ಲಿ, ಲಿಫ್ಟ್ ರಿಪೇರಿಯ ನೀಲಿ ಅಂಗಿಯಲ್ಲೇ, ಸಲಕರಣೆಯ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು, ಯಾಕೆ ಬಂದ ಇವನು, ಇಷ್ಟು ದಿನ ಬಾರದವನು, ಬಾಗಿಲಲ್ಲಿ ಕೇಳಿದ್ದಕ್ಕೆ ಹಂಗೇ ಬಂದೆ ಕಣೆ, ಎದುರು ಬಿಲ್ಡಿಂಗಲ್ಲಿ ಲಿಫ್ಟು ಕೆಟ್ಟಿತ್ತು, ಮುಗಿಸ್ಕೊಂಡು ನಿನ್ನ ಕ್ಲಾಸು ನೋಡೋಣ ಅಂತ, ಅಂದ, ಎದುರು ಬಿಲ್ಡಿಂಗಿಗೆ ಮಹಡಿಯೇ ಇಲ್ಲ, ಲಿಫ್ಟು ಎಲ್ಲಿಂದ ಬರಬೇಕು, ಸುಳ್ಳು ಹೇಳುವುದು ಇವನಿಗೆ ಮೊದಲಿನಿಂದಲೂ ಬರುವುದಿಲ್ಲ, ಬಚ್ಚಿಡುವುದು ಮಾತ್ರ ಬರುತ್ತದೆ, ಆ ಎರಡೂ ಒಂದೇ ಅಲ್ಲವೇ, ಅಲ್ಲ, ಒಂದೇ ಇರಬಹುದು, ಅವಳಿಗೆ ಗೊತ್ತಿಲ್ಲ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ನಾಣ್ಯದ ಮೇಷ್ಟ್ರು ಕೂತಿದ್ದಾರೆ, ಇತಿಹಾಸ ವಿಭಾಗದ ಮುಖ್ಯಸ್ಥರು, ಹಳೆಯ ನಾಣ್ಯ ಉಜ್ಜಿ ಉಜ್ಜಿ ಕನ್ನಡಕದ ನಂಬರು ಏರಿಸಿಕೊಂಡವರು, ಒಬ್ಬರಿಗೊಬ್ಬರು ಯಾರೆಂದು ಗೊತ್ತಿಲ್ಲದೆ ಒಂದೇ ಹಲಗೆಯ ಮೇಲೆ, ಒಬ್ಬರಿಗೆ ಈ ಪ್ಲೇಟಿನ ಹೆಸರು ಹೇಳಲೇಬೇಕು, ಇನ್ನೊಬ್ಬನ ಎದುರು ಹೇಳಲೇಬಾರದು, ನಡುವೆ ಜಾಗ ಇನ್ನಿಬ್ಬರು ಕೂರುವಷ್ಟಿದೆ, ಅಲ್ಲಿ ತಾನೇ ಹೋಗಿ ಕೂತುಬಿಟ್ಟರೆ ಹೇಗೆ ಎನಿಸುತ್ತದೆ ಅವಳಿಗೆ, ಪಾಠ ಯಾರಾದರೂ ಮಾಡಲಿ. ಮುಂದಿನ ವರ್ಷಕ್ಕೆ ನಿಮ್ಮನ್ನ ಇಟ್ಕೋಬೇಕೋ ಬೇಡ್ವೋ ಅಂತ ಮೇಲಿನೋರು ನನ್ನನ್ನೇ ಕೇಳ್ತಾರಮ್ಮ, ಅದಕ್ಕೆ ಒಂದ್ಸಲ ಬಂದು ಕೂತ್ಕೋತೀನಿ, ತಪ್ಪು ತಿಳ್ಕೋಬೇಡಿ, ಎಂದಿದ್ದರು ಮೇಷ್ಟ್ರು, ಹಿಪ್‌ಹಾಪ್ ಅಂದ್ರೆ ಏನು ಅಂತ ನನಗಂತೂ ತಿಳಿಯದು, ನೀವು ಕುಣಿಸಿ, ಕೂಗಿಸಿ, ನಂದೇನೂ ತಕರಾರಿಲ್ಲ, ಆದ್ರೆ ಇದು ಇತಿಹಾಸದ ಕ್ಲಾಸು, ಆಕರ ಹೇಳ್ಬೇಕು, ಎಲ್ಲಿ ಸಿಕ್ತು ಅಂತ ಗೊತ್ತಿಲ್ಲದ ನಾಣ್ಯ ನಾಣ್ಯ ಅಲ್ಲಮ್ಮ, ಬರೀ ಬಿಲ್ಲೆ, ಎಂದು ನಕ್ಕಿದ್ದರು, ಒಳ್ಳೆಯ ಮನುಷ್ಯ, ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ವೇಳಾಪಟ್ಟಿಯ ಹಲಗೆಯಲ್ಲಿ ಎಲ್ಲರಿಗೂ ಹೆಸರಿದೆ, ಅವಳ ಚೌಕದಲ್ಲಿ ಮಾತ್ರ ಅ.ಉ. ೨ ಎಂದಿದೆ, ಅರೆಕಾಲಿಕ ಉಪನ್ಯಾಸಕಿ ಎರಡನೆಯವಳು, ಮೊದಲನೆಯವರು ಯಾರೋ ಬಿಟ್ಟುಹೋಗಿ ಎಷ್ಟೋ ಕಾಲವಾದರೂ ಅವಳು ಒಂದಾಗಲಿಲ್ಲ, ಬೀಗದ ಕೈ ಕೊಡುವ ಅಟೆಂಡರು ಅಉ ಮೇಡಂ ಬಂದ್ರು, ಮಗು ತೊದಲಿದ ಹಾಗಿದೆ ನಿಮ್ಮ ಹೆಸರು, ಎಂದು ತಮಾಷೆ ಮಾಡುತ್ತಾನೆ, ಅವಳೂ ನಗುತ್ತಾಳೆ, ಅವಳ ಚೀಲ ನೇತುಹಾಕಲು ಜಾಗವಿರುವುದು ಜೆರಾಕ್ಸ್ ಮಷಿನ್ನಿನ ಹಿಂದಿನ ಮೊಳೆಯಲ್ಲಿ, ಆದರೂ ಬೇಕು, ಈ ಕೆಲಸ ಬೇಕು, ಊರಿನವರೆಲ್ಲ ಕೆಲಸಕ್ಕೆ ಬಾರದ್ದು ಎಂದು ಉಗಿದದ್ದನ್ನೇ ಕರಿಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಇದೂ ಚರಿತ್ರೆ ಮಕ್ಕಳೇ ಎನ್ನಬಹುದಾದ ಇನ್ನೊಂದು ಕೋಣೆ ಭೂಮಿಯ ಮೇಲೆ ಎಲ್ಲಿದೆ.

ಬಂತು, ತುತ್ತೂರಿಗಳು ಬಂದವು, ತುತ್ತೂರಿಗಳು ನಿಲ್ಲುತ್ತವೆ, ಈಗ ಬರುತ್ತದೆ ನೋಡಿ ಎನ್ನುತ್ತಾಳೆ ಗಟ್ಟಿಯಾಗಿ, ಹಾಡುವವರೂ ಊದುವವರೂ ಎಲ್ಲರೂ ಬಾಯಿ ಮುಚ್ಚಿ ಡ್ರಮ್ಮು ಒಂದೇ ಉಳಿಯುವ ಜಾಗ, ಅದಕ್ಕೆ ಬ್ರೇಕ್ ಅನ್ನುತ್ತಾರೆ, ಅದು ಚಿಕ್ಕದು, ಕಣ್ಣು ಮಿಟುಕಿಸಿದರೆ ಮುಗಿಯುತ್ತದೆ, ಕುಣಿಯುವವರಿಗೆ ಅದೇ ಬೇಕು, ಹಾಗಾಗಿ ಡಿಜೆ ಒಂದೇ ಹಾಡಿನ ಎರಡು ಪ್ಲೇಟು ಇಟ್ಟುಕೊಂಡು ಇದರಲ್ಲಿ ಮುಗಿಯುತ್ತಿದ್ದಂತೆ ಅದರಲ್ಲಿ, ಅದರಲ್ಲಿ ಮುಗಿಯುತ್ತಿದ್ದಂತೆ ಇದರಲ್ಲಿ, ಇಡೀ ರಾತ್ರಿ ಎಳೆಯುತ್ತಿದ್ದ, ಎಳೆಯ ಕರುವನ್ನು ಒಂದು ಮೊಲೆಯಿಂದ ಇನ್ನೊಂದಕ್ಕೆ ಬಿಟ್ಟ ಹಾಗೆ — ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು, ಹುಡುಗರು ನಕ್ಕರು, ಡುಂ ತಕ ಡುಡುಂ ತಕ, ನಗು ನಿಂತುಹೋಯಿತು, ಗೋಡೆ ನಡುಗುತ್ತಿದೆ, ಮೇಷ್ಟ್ರ ಪಾದ ತಾಳ ಹಾಕುತ್ತಿರುವುದು ಮೇಷ್ಟ್ರಿಗೇ ತಿಳಿದಿಲ್ಲ, ಅಣ್ಣ ಡಿಜೆಯಾಗಿದ್ದಾಗ ಇದೇ ಬಡಿತಕ್ಕೆ ಅವನನ್ನು ಗುಡುಗು ಎಂದು ಕರೆದದ್ದು ಊರು, ಗುಡುಗು ಬಂದ ಜಾಗ ಬಿಡಿ ಎನ್ನುತ್ತಿದ್ದರು, ಮುಂದಿನ ಬೆಂಚಿನ ಉದ್ದಜಡೆ ಕೈಯೆತ್ತಿದ್ದಾಳೆ, ಕೈಯಲ್ಲಿ ಫೋನಿದೆ, ಮೇಡಂ ಇದು ಯಾವ ರೆಕಾರ್ಡು, ಹಾಡು ಕೇಳಿಸಿದ್ರೆ ಸಾಕು ಎಲ್ಲದರ ಹೆಸರೂ ಹೇಳುತ್ತೆ ನನ್ನ ಫೋನು, ಇದಕ್ಕೆ ಸಿಗ್ತಾನೇ ಇಲ್ಲ ಅಂತಿದೆ, ಹಿಂದಿನಿಂದ ಯಾವನೋ ಫೋನಿಗೆ ಗೊತ್ತಿಲ್ಲ ಅಂದ್ರೆ ದೇವರಿಗೂ ಗೊತ್ತಿರಲ್ಲ ಬಿಡೇ ಅಂದ, ದೇವರಿಗೆ ಗೊತ್ತಪ್ಪ, ಗೊತ್ತಿಲ್ಲದೆ ಏನು, ದೇವರ ಎದುರಿಗೇ ಅಲ್ಲವೇ ಆಣೆ ಹಾಕಿದ್ದು, ಗುಜರಿಯವನಿಂದ ಮೂಟೆಗಟ್ಟಲೆ ಪ್ಲೇಟು ಹೊತ್ತು ತರುತ್ತಿದ್ದ ಅಣ್ಣ, ಕೇಳುತ್ತಲೂ ಇರಲಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡುತ್ತಿದ್ದ, ಹಾಡಿರುವಲ್ಲಿ ಒಂದು ಬಣ್ಣ, ಬರೀ ಡ್ರಮ್ಮಿರುವಲ್ಲಿ ಇನ್ನೊಂದು, ಹೊಲದಲ್ಲಿ ನೀರು ಕಟ್ಟಿದ ಪಾತಿಯ ಹಾಗೆ ಬೇರೆಯಾಗಿ ಹೊಳೆಯುತ್ತದೆ, ನೋಡೇ ಗುಬ್ಬಿ ಇಲ್ಲಿದೆ ಎಂದು ಅವಳ ಕೈಗೆ ಕೊಡುತ್ತಿದ್ದ, ಅವಳ ಕೆಲಸ ಬಚ್ಚಲಲ್ಲಿ, ಬಕೆಟ್ಟಿನ ಬಿಸಿನೀರು, ಪ್ಲೇಟಿನ ನಡುವೆ ಅಂಟಿಸಿದ ಗುಂಡನೆ ಚೀಟಿ ನೆನೆಯುವವರೆಗೆ ಅದ್ದಿ ಹಿಡಿದು ಹೆಬ್ಬೆರಳ ಉಗುರಿನಿಂದ ಕೆರೆಯುವುದು, ಬೇರೆ ಡಿಜೆಗಳು ಬಂದು ಬಗ್ಗಿ ನೋಡಿದರೂ ಹೆಸರು ಸಿಗಬಾರದು, ಸಿಕ್ಕಿದರೆ ನಾಳೆ ಅವರೂ ಅದನ್ನೇ ಕೊಂಡು ನುಡಿಸುತ್ತಾರೆ, ಹಿಪ್‌ಹಾಪಿನ ಮೊದಲ ದಿನಗಳಲ್ಲಿ ಎಲ್ಲೋ ಕಡಲಾಚೆ ದೊಡ್ಡ ದೊಡ್ಡವರೇ ಹಾಗೆ ತೊಳೆಯುತ್ತಿದ್ದರಂತೆ, ಈಗ ಅದನ್ನೇ ಅವಳು ಪಾಠ ಮಾಡುತ್ತಾಳೆ, ಆಗ ಅಣ್ಣನಿಗೆ ಯಾರು ಹೇಳಿದ್ದರೋ, ಯಾರೂ ಹೇಳಿರಲಿಕ್ಕಿಲ್ಲ, ಹಸಿದವರಿಗೆಲ್ಲ ಬಚ್ಚಿಡುವ ಬುದ್ಧಿ ಒಂದೇ ಥರ ಬರುತ್ತದೆ. ಹೆಸರು ಓದ್ಬೇಡ, ಓದಿದ್ರೆ ನಾಲಿಗೆಗೆ ಬರುತ್ತೆ, ನಾಲಿಗೆಗೆ ಬಂದ್ರೆ ಬೀದಿಗೆ ಬರುತ್ತೆ, ಎನ್ನುತ್ತಿದ್ದ, ಆದರೆ ಅವಳಿಗೆ ಆಗಷ್ಟೇ ಅಕ್ಷರ ಕೂಡಿಸುವ ಹುಚ್ಚು, ಬಸ್ಸಿನ ಬೋರ್ಡು, ಬೆಂಕಿಪೆಟ್ಟಿಗೆ, ಔಷಧಿಯ ಸೀಸೆ, ಕಂಡದ್ದೆಲ್ಲ ಓದುವ ಹುಡುಗಿಯ ಕೈಗೆ ಚೀಟಿ ಕೊಟ್ಟು ಓದಬೇಡ ಎಂದರೆ, ಬೆಕ್ಕಿಗೆ ಹಾಲು ಕಾಯಲು ಹೇಳಿದ ಹಾಗೆ, ಓದಿದಳು, ಎಲ್ಲವನ್ನೂ ಓದಿ ಆಮೇಲೆ ಕೆರೆದಳು, ಓದಿದೆ ಎಂದು ಗೊತ್ತಾದ ದಿನ ಅಣ್ಣ ಹೊಡೆಯಲಿಲ್ಲ, ದೇವರ ಮುಂದೆ ಕರೆದುಕೊಂಡು ಹೋಗಿ ಕೂರಿಸಿದ, ಯಾರು ಕೇಳಿದ್ರೂ ಹೇಳಲ್ಲ ಅನ್ನು, ಹೇಳಲ್ಲ, ದೇವರಾಣೆ ಅನ್ನು, ದೇವರಾಣೆ, ನಾನು ಸತ್ತ ಮೇಲೂ, ನೀನು ಯಾಕೋ ಸಾಯ್ತೀಯ ಎಂದು ಅವಳು ಅತ್ತಿದ್ದು, ಅವನು ಪೆಪ್ಪರಮಿಂಟು ಕೊಡಿಸಿದ್ದು, ನದೀಮೂಲ ಋಷಿಮೂಲ ಕೇಳಬಾರದು ಎಂದು ಅಜ್ಜಿ ಒಳಗಿನಿಂದಲೇ ತೀರ್ಪು ಕೊಟ್ಟಿದ್ದು, ಅಜ್ಜಿಗೆ ಎಲ್ಲದಕ್ಕೂ ಒಂದು ಕಥೆಯಿತ್ತು, ಒರತೆಯ ಮೇಲೆ ಕಲ್ಲು ಮುಚ್ಚಿಟ್ಟುಕೊಂಡವನ ಕಥೆ, ಆ ಕಥೆಯಲ್ಲಿ ಅವನಿಗೆ ಒಂದು ದಿನ ಸ್ವರ್ಗ, ಇನ್ನೊಂದು ದಿನ ನರಕ, ಎಲ್ಲ ಅಜ್ಜಿಯ ಸೊಂಟದ ನೋವಿನ ಮೇಲೆ ಹೋಗುತ್ತಿತ್ತು, ಇವತ್ತು ಯಾವ ದಿನವಜ್ಜಿ.

ಡ್ರಮ್ಮು ನಿಂತಿತು, ತುತ್ತೂರಿ ಮತ್ತೆ, ಅವಳು ಸೂಜಿ ಎತ್ತಿ ಹಿಂದಕ್ಕಿಟ್ಟಳು, ಯಾಕೆ ಹಿಂದಕ್ಕಿಟ್ಟೆ, ಉತ್ತರ ಕೊಡದೆ ಇರಲು, ಡುಂ ತಕ ಡುಡುಂ ತಕ, ಇನ್ನೊಮ್ಮೆ ಕೇಳಿ, ಕಿವಿಗೊಟ್ಟು ಕೇಳಿ, ಎಂದಳು, ಉದ್ದಜಡೆ ಫೋನನ್ನು ಇನ್ನೂ ಮೇಲೆ ಹಿಡಿದಿದ್ದಾಳೆ, ಯಾವ ದೊಡ್ಡ ಗುಟ್ಟು ಅಂತ ಬಚ್ಚಿಟ್ಟದ್ದು, ಅಗ್ನಿಶಾಮಕ ದಳದ ಬ್ಯಾಂಡು, ಬೆಂಕಿ ಆರಿಸುವವರು ತಮ್ಮ ಯಾವುದೋ ವಾರ್ಷಿಕೋತ್ಸವಕ್ಕೆ ತಾವೇ ಹಾಕಿಸಿಕೊಂಡ ಪ್ಲೇಟು, ಹಂಚಿ ಉಳಿದದ್ದು ಗುಜರಿಗೆ ಬಂದು ಒಂದೇ ಮೂಟೆಯಲ್ಲಿ ಎರಡೆರಡು ಸಿಕ್ಕಿತು, ಊರಿನ ಹುಡುಗರಿಗೆಲ್ಲ ಬೆಂಕಿ ಹಚ್ಚಿದ ಬಡಿತ ನೀರಿನ ಪೈಪು ಹಿಡಿಯುವವನದು ಎಂದರೆ ನಗುತ್ತಾರೆ, ನಗಲಿ, ಅದಲ್ಲ, ಚೀಟಿಯ ಕೆಳಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಡ್ರಮ್ಮು ಎಂದು ಬರೆದು ಮುಂದೆ ಒಂದು ಹೆಸರಿತ್ತು, ಮನುಷ್ಯನ ಹೆಸರು, ಅದನ್ನು ಅವಳು ಮನಸ್ಸಿನೊಳಗೂ ಪೂರ್ತಿ ಹೇಳಿಕೊಂಡವಳಲ್ಲ, ಅರ್ಧಕ್ಕೆ ಬರುತ್ತಲೇ ಹಲ್ಲು ಕಚ್ಚುತ್ತಾಳೆ, ಆಣೆ ಎಂದರೆ ಆಣೆ, ಆದರೆ ಆ ಮನುಷ್ಯ ಯಾವುದೋ ಮಧ್ಯಾಹ್ನ ಗಂಟೆ ಹೊಡೆಯುವವರೆಗೆ ಬಿಡುವಿದೆಯೆಂದು ಟೋಪಿ ತೆಗೆದಿಟ್ಟು ಕೂತು ಬಾರಿಸಿದ, ಬೆಂಕಿ ಬಿತ್ತೆಂದು ಎದ್ದು ಹೋದನೋ ಏನೋ, ಅವನ ಕೈಯ ಬೆವರಿಗೆ ಸಾವಿರಾರು ಜನ ಕುಣಿದರು, ಅವನಿಗೆ ಗೊತ್ತಿಲ್ಲ, ಅವನ ಹೆಂಡತಿ ಮಕ್ಕಳಿಗೆ ಗೊತ್ತಿಲ್ಲ, ಗೊತ್ತಿರುವುದು ಭೂಮಿಯ ಮೇಲೆ ಅಣ್ಣನಿಗೆ ಮತ್ತು ಅವಳಿಗೆ, ಅಣ್ಣನಂತೂ ಹೇಳುವವನಲ್ಲ, ಗುಡುಗು ಎಂಬ ಹೆಸರಿನಲ್ಲಿ ಅವನಿಗೆ ಉಳಿದಿರುವುದು ಇದೊಂದೇ, ಇದನ್ನೂ ಕಿತ್ತುಕೊಂಡರೆ ಬರೀ ಲಿಫ್ಟಿನವನು, ಕಾಯಲು ಬಂದಿದ್ದಾನೆ, ತಂಗಿ ಮೇಷ್ಟ್ರ ಮುಂದೆ ಬಾಯಿ ಬಿಡುತ್ತಾಳೋ ಎಂದು ಕಾವಲು ಕೂತಿದ್ದಾನೆ, ಅದಕ್ಕೇ ಲಿಫ್ಟಿನ ಸುಳ್ಳು, ಕಾಪಾಡಪ್ಪ, ನಿನ್ನ ಮೇಲೆ ಇಟ್ಟ ಆಣೆ ನಿನಗೇ ಒಪ್ಪಿಸುತ್ತೇನೆ, ಹೇಳಿದರೆ ನಿನಗೆ ತಪ್ಪಿ ನಡೆದ ಹಾಗೆ, ಹೇಳದಿದ್ದರೆ ಬಾರಿಸಿದವನಿಗೆ ತಪ್ಪಿ ನಡೆದ ಹಾಗೆ, ಅವನ ಹೆಸರು ತೊಳೆದ ಉಗುರು ಇದೇ ಉಗುರು, ಗೊತ್ತಿಲ್ಲ ಮಕ್ಕಳೇ ಎಂದುಬಿಟ್ಟರೆ, ಮೂರಕ್ಷರದ ಸುಳ್ಳಿಗೆ ಎಲ್ಲ ಮುಗಿಯುತ್ತದೆ, ಮೇಷ್ಟ್ರು ಬರೀ ಬಿಲ್ಲೆ ಎನ್ನುತ್ತಾರೆ, ಮುಂದಿನ ವರ್ಷ ಆ ಚೌಕದಲ್ಲಿ ಅ.ಉ. ಮೂರು ಬರುತ್ತಾನೆ, ಹೋಗಲಿ — ಆಕರ ಹೇಳಿಬಿಡಿ ಮೇಡಂ, ಬರ್ಕೊಳ್ಳೋದಿದೆ, ಎಂದ ಯಾವನೋ, ಹೌದಮ್ಮ ಹೇಳಿ ಎಂದರು ಮೇಷ್ಟ್ರೂ, ನನಗೂ ಕುತೂಹಲವಾಯ್ತು, ಅವರ ಪಾದ ಈಗ ನಿಂತಿದೆ, ಡ್ರಮ್ಮು ನಿಂತಿದೆ, ಇನ್ನು ಸೂಜಿ ಹಿಂದಕ್ಕಿಡುವಂತಿಲ್ಲ, ಮೇಷ್ಟ್ರ ಪಕ್ಕದಲ್ಲಿ ಒಂದು ಕೈ ಏಳುತ್ತಿದೆ, ಮೆಲ್ಲಗೆ, ನೀಲಿ ತೋಳು, ಗ್ರೀಸಿನ ಗೆರೆಯ ಅಂಗೈ, ಅಣ್ಣನ ಕೈ, ಆ ಕೈ ಅವಳಿಗೆ ಗೊತ್ತು, ಕುಣಿತದ ಹಾಲ್‌ನಲ್ಲಿ ಬಡಿತ ಬೀಳುವ ಮುಂಚೆ ಹೀಗೇ ಎತ್ತಿ ಹಿಡಿಯುತ್ತಿದ್ದ, ಸೇರಿದವರೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದರು, ಕೆಮ್ಮು ಬಂದವರೂ ಕೆಮ್ಮುತ್ತಿರಲಿಲ್ಲ, ಸುಮ್ಮನಿರು ಎನ್ನುತ್ತಿದೆ ಕೈ, ತಡಿ ಎನ್ನುತ್ತಿದೆ, ಸರಿ ಅಣ್ಣ, ಸುಮ್ಮನಿರುತ್ತೇನೆ, ಗೊತ್ತಿಲ್ಲ ಎಂದೇ ಹೇಳುತ್ತೇನೆ, ಬಾಯಿ ತೆರೆದಳು, ಅಷ್ಟರಲ್ಲಿ ಮೇಷ್ಟ್ರು ಪಕ್ಕಕ್ಕೆ ತಿರುಗಿ, ಕೇಳಿ ಕೇಳಿ, ಹೊರಗಿನೋರೂ ಕೇಳಬಹುದು, ಏನೂ ಸಂಕೋಚ ಬೇಡ, ಅಂದರು, ಅಣ್ಣ ಎದ್ದ, ಚೀಲ ಜಾರಿ ಸ್ಪ್ಯಾನರುಗಳು ನೆಲಕ್ಕೆ ಬಿದ್ದು ಠಣಠಣ, ಎತ್ತಿಕೊಳ್ಳಲಿಲ್ಲ, ಮೇಡಂ, ಅಂದ. ಅವಳನ್ನು ಗುಬ್ಬಿ ಎಂದವನು, ಮೂಗಿ ಎಂದವನು, ಮಂಗ ಎಂದವನು, ಮೇಡಂ, ಯಾವ ರೆಕಾರ್ಡು ಅದು, ನನಗೂ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ, ಗೀರು ನೋಡಿದೆ, ತೊಳೆಯೋಕೆ ಕೊಟ್ಟೆ, ಓದ್ಬಾರ್ದು ಅಂತ ಕಟ್ಟಳೆ ಮಾಡಿದೋನು ನಾನು, ನಾನೇ ಓದಿದ್ರೆ ಹೆಂಗೆ, ಹುಡುಗರು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಅಣ್ಣ ಅವಳೊಬ್ಬಳನ್ನೇ ನೋಡುತ್ತಿದ್ದಾನೆ, ಇತ್ತೀಚೆಗೆ ದಿನಾ ಅನ್ಸುತ್ತೆ, ಲಿಫ್ಟಿನ ಗುಂಡೀಲಿ ಒಬ್ನೇ ನಿಂತಿರೋವಾಗ, ಅಷ್ಟು ಚೆನ್ನಾಗಿ ಬಾರಿಸಿದ ಪುಣ್ಯಾತ್ಮ ಯಾರು ಅಂತ, ಅವನ ಅನ್ನ ತಿಂದ ಹಾಗಲ್ವಾ ನಾನು, ಮನೇಲಿ ಕೇಳೋ ಹಾಗಿಲ್ಲ, ಆಣೆ ಹಾಕಿಸಿಕೊಂಡ ಬಾಯಲ್ಲಿ ಕೇಳೋದು ಹೆಂಗೆ, ಕ್ಲಾಸಲ್ಲಾದ್ರೆ ಕೇಳಬಹುದಂತೆ, ಕೈ ಎತ್ತಿದ್ರೆ ಹೇಳ್ಕೊಡ್ತಾರಂತೆ, ಹೇಳಿ ಮೇಡಂ, ಅಂದು ನಿಂತಿದ್ದಾನೆ, ಪ್ಲೇಟು ತಿರುಗುತ್ತಿದೆ, ಹಾಗಾದರೆ ಇಷ್ಟು ವರ್ಷ ಅವಳೊಬ್ಬಳೇ, ಒರತೆಯ ಮೇಲೆ ಅವಳೊಬ್ಬಳೇ ಕೂತಿದ್ದದ್ದು, ಕಾವಲಿಗೆ ಬಂದವನಲ್ಲ ಇವನು, ಬಾಯಾರಿ ಬಂದವನು, ಅವಳ ತುಟಿ ಅಲುಗುತ್ತಿದೆ, ಹೆಸರಿನ ಮೊದಲ ಅರ್ಧ ಬಂತು, ಹಲ್ಲು ಕಚ್ಚಲಿಲ್ಲ, ಉಳಿದರ್ಧಕ್ಕೆ ಉಸಿರು ತೆಗೆದುಕೊಳ್ಳಬೇಕು, ತೆಗೆದುಕೊಳ್ಳಲು ಆಗುತ್ತಿಲ್ಲ, ಅಣ್ಣ ಕೇಳಿ ಮುಗಿಸಿದ್ದಾನೆ, ಆದರೂ ಕೈ ಇಳಿಸಿಲ್ಲ, ಮೊದಲ ದಿನ ಶಾಲೆಗೆ ಬಂದ ಮಗುವಿನಂತೆ, ಇಳಿಸಬಹುದು ಎಂದು ಯಾರೂ ಹೇಳಿಕೊಟ್ಟಿಲ್ಲ ಅವನಿಗೆ, ಆ ಕೈ, ಎಲ್ಲರ ತಲೆಗಳ ಮೇಲೆ, ಗ್ರೀಸಿನ ಗೆರೆಯ ಆ ಕೈ, ಇನ್ನೂ ಇಳಿಯದ ಕೈ —