ಮುಂದಿನ ಎಡಚಕ್ರ

"ಹಕೀಂ ಅಂಕಲ್, ಕಾರ್ಕಳ ಠಾಣೆಯಿಂದ ಫೋನು. ಕಾರಿನ ಬ್ರೇಕ್ ಕೆಲಸ ಮಾಡಿದವರು ಯಾರು ಅಂತ ಕೇಳ್ತಾ ಇದ್ದಾರೆ."

ಅಬ್ದುಲ್ ಹಕೀಂ ಅಂಗಳದ ತೆಂಗಿನ ಮರಕ್ಕೆ ಶಾಮಿಯಾನದ ಹಗ್ಗ ಬಿಗಿಯುತ್ತಿದ್ದ. ಮೋಕ್ಷಾ ಫೋನು ಚಾಚಿಕೊಂಡು ನಿಂತಿದ್ದಳು. ಅಪ್ಪ ಸರ್ವೋತ್ತಮನ ಸುದ್ದಿ ಬಂದಾಗಿನಿಂದ ನಿದ್ದೆಯಿಲ್ಲದೆ ಅವಳ ಕಣ್ಣು ಊದಿಕೊಂಡಿತ್ತು. ಹಗ್ಗ ಹಕೀಮನ ಕೈಯಿಂದ ಜಾರಿ, ಶಾಮಿಯಾನದ ಒಂದು ಮೂಲೆ ಜೋತುಬಿತ್ತು.

"ನಾನೇ ಮಾಡಿದ್ದು," ಎಂದು ಫೋನಿಗೆ ಹೇಳಿದ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು.

"ಮೂರು ಗಂಟೆಗೆ ಆರ್‌ಟಿಒದಿಂದ ಬ್ರೇಕ್ ಇನ್‌ಸ್ಪೆಕ್ಟರ್ ಬರ್ತಾರೆ. ಹಳೇ ಗಾಡಿ, ಇಲ್ಲಿ ಯಾರಿಗೂ ಬಿಚ್ಚಿ ಅಭ್ಯಾಸ ಇಲ್ಲ. ಅವರ ಎದುರು ನೀವೇ ಚಕ್ರ ಬಿಚ್ಚಿ ತೋರಿಸಬೇಕು. ಸಹಿಗೆ ಮನೆಯವರು ಒಬ್ಬರು ಬರಲಿ."

"ಇಲ್ಲಿ ಇನ್ನೂ ಬಾಡಿ ಬಂದಿಲ್ಲ ಸರ್."

"ಗೊತ್ತುಂಟು. ಎಲ್ಲ ಮುಗಿಸಿಯೇ ಬನ್ನಿ."

ನಿನ್ನೆ ಮಧ್ಯಾಹ್ನ ಕಾರ್ಕಳದ ದೇವಸ್ಥಾನವೊಂದರಲ್ಲಿ ಸ್ಯಾಕ್ಸೊಫೋನ್ ನುಡಿಸಿ ಒಬ್ಬನೇ ಕಾಪುವಿಗೆ ಮರಳುತ್ತಿದ್ದ ಸರ್ವೋತ್ತಮ ದೇವಾಡಿಗನ ಫಿಯಟ್ ಕಾರು, ಊರು ದಾಟಿದ ಮೇಲಿನ ಇಳಿಜಾರಿನ ತಿರುವಿನಲ್ಲಿ ರಸ್ತೆ ಬಿಟ್ಟು ಮರಕ್ಕೆ ಹೊಡೆದಿತ್ತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಅರವತ್ತಮೂರು ವರ್ಷ. ಮರಣೋತ್ತರ ಪರೀಕ್ಷೆ ಮುಗಿದು ಆಂಬುಲೆನ್ಸ್ ಹೊರಟಿದೆ ಎಂದು ಈಗಷ್ಟೇ ಸುದ್ದಿ ಬಂದಿತ್ತು.

ಹಕೀಂ ಫೋನು ಹಿಂದಿರುಗಿಸಿದ. "ಎಂತಂತೆ ಅಂಕಲ್?" ಎಂದಳು ಮೋಕ್ಷಾ.

"ಏನಿಲ್ಲ, ನೋಡಲಿಕ್ಕೆ," ಎಂದು ಬಗ್ಗಿ ಹಗ್ಗ ಎತ್ತಿಕೊಂಡ. ಮೂರು ಸಲ ಗಂಟು ಹಾಕಿದ. ಮೂರೂ ಸಲ ಬಿಚ್ಚಿಕೊಂಡಿತು.

*

ಮೂವತ್ತು ವರ್ಷದ ಹಿಂದೆ, ಕಾಪು ಪೇಟೆಯ ಹೊರಗಿನ ಹೆದ್ದಾರಿಯಲ್ಲಿ, ಬಿಳಿ ಪಂಚೆ ಉಟ್ಟು ಜರಿಶಾಲು ಹೊದ್ದ ನಾಲ್ವರು ಇದೇ ಕಾರನ್ನು ದೂಡಿಕೊಂಡು ಬರುತ್ತಿದ್ದರು. ಹಕೀಂ ಗ್ಯಾರೇಜು ತೆರೆದು ಆಗ ಆರು ತಿಂಗಳು.

"ಹತ್ತೂ ಇಪ್ಪತ್ತಕ್ಕೆ ಉಡುಪಿಯಲ್ಲಿ ಮುಹೂರ್ತ. ನಾವು ಹೋಗದೆ ಅಲ್ಲಿ ತಾಳಿ ಕಟ್ಟುವುದಿಲ್ಲ ಮಾರಾಯ," ಎಂದ ಅವರಲ್ಲಿ ಉದ್ದನೆಯವನು, ಸರ್ವೋತ್ತಮ.

ಎಂಜಿನ್ ಹೊತ್ತಿಕೊಂಡು, ಕುಂಟಿ, ಮತ್ತೆ ನಿಲ್ಲುತ್ತಿತ್ತು. ಹಕೀಂ ಕಾರ್ಬುರೇಟರ್ ಬಿಚ್ಚುವುದೋ ಬೇಡವೋ ಎಂದು ನೋಡುತ್ತಿದ್ದಾಗ ಉದ್ದನೆಯವನು ಕಿವಿಯನ್ನು ಬಾನೆಟ್ಟಿನೊಳಕ್ಕೆ ಬಗ್ಗಿಸಿದ. "ನಾಲ್ಕರಲ್ಲಿ ಮೂರನೇದು ಅಪಸ್ವರ ಹೇಳ್ತಾ ಉಂಟು, ನೋಡಿ."

ಹಕೀಮನಿಗೆ ನಗು ಬಂತು. ಆದರೂ ಮೂರನೆಯ ಪ್ಲಗ್ ಬಿಚ್ಚಿದ. ಕರಿ ಹಿಡಿದು ಸತ್ತುಹೋಗಿತ್ತು.

ದಾರಿಯಲ್ಲಿ ಮತ್ತೆ ನಿಂತರೆ ಎಂದು ಅವನನ್ನೂ ಕೂರಿಸಿಕೊಂಡೇ ಹೋದರು. ಗ್ರೀಸ್ ಮೆತ್ತಿದ ಅಂಗಿಯಲ್ಲಿ ಒಳಗೆ ಹೋಗಲು ನಾಚಿ ಹಕೀಂ ಸಭಾಂಗಣದ ಬಾಗಿಲಿಗೆ ಅಂಟಿ ನಿಂತಿದ್ದ. ಗಟ್ಟಿಮೇಳ ಮುಗಿದದ್ದೇ ಸರ್ವೋತ್ತಮ ಅವನನ್ನು ಹುಡುಕಿ ಹಿಡಿದು, ಕೈ ತೊಳೆಸಿ, ಊಟದ ಪಂಕ್ತಿಯಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. "ಇವರು ನಮ್ಮ ಐದನೆಯ ವಾದ್ಯದವರು," ಎಂದು ಬಡಿಸುವವನಿಗೆ ಹೇಳಿದ.

ಅಂದಿನಿಂದ ಆ ಕಾರಿಗೆ ಬೇರೆಯವರ ಕೈ ಸೋಕಿರಲಿಲ್ಲ.

*

ಹನ್ನೊಂದರ ಹೊತ್ತಿಗೆ ರಸ್ತೆಬದಿಯಲ್ಲಿ ಹಳೆಯ ಕಾರುಗಳು ಒಂದರ ಹಿಂದೆ ಒಂದು ಬಂದು ನಿಂತವು. ಪ್ರತಿ ತಿಂಗಳ ಎರಡನೆಯ ಭಾನುವಾರ ಮಣಿಪಾಲದಲ್ಲಿ ಸೇರುವ ಹಳೇ ಕಾರಿನ ಗುಂಪಿನವರು. ಆಚೆ ಬದಿಯಲ್ಲಿ ವಾದ್ಯದವರು, ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಯಾರೂ ಚೀಲದ ಜಿಪ್ ಎಳೆಯಲಿಲ್ಲ. ಅವರದು ಮಂಗಳವಾದ್ಯ, ಸಾವಿನ ಮನೆಯಲ್ಲಿ ನುಡಿಸುವಂತಿಲ್ಲ.

"ನಮ್ಮಲ್ಲಾದರೆ ಹೂಳುವ ಸಿಮೆತ್ರಿಯವರೆಗೂ ಬ್ಯಾಂಡ್ ಉಂಟು," ಎಂದ ಎಡ್ವಿನ್. ಉಡುಪಿಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಮದುವೆ ರಿಸೆಪ್ಶನ್‌ಗಳಲ್ಲಿ ಇಪ್ಪತ್ತು ವರ್ಷ ಸರ್ವೋತ್ತಮನ ಜೊತೆ ನಿಂತವನು. "ಊರಿನ ಅರ್ಧ ಮದುವೆ ಅವನು ಊದಿಯೇ ಆದದ್ದು. ಅವನಿಗೇ ಒಂದು ಸ್ವರ ಇಲ್ಲ."

ಮೋರಿಸ್ ಮೈನರ್ ಕಾರಿನಿಂದ ಇಳಿದ ಜಿತೇಂದ್ರ ಪೈಗಳು ನೇರ ಹಕೀಮನ ಬಳಿ ಬಂದು ಭುಜ ಹಿಡಿದುಕೊಂಡರು. ಮಣಿಪಾಲದಲ್ಲಿ ಮುದ್ರಣಾಲಯ ನಡೆಸಿ ನಿವೃತ್ತರಾದವರು, ಗುಂಪಿನ ಹಿರಿಯರು.

"ಬ್ರೇಕ್ ಹೋಗಿರಬೇಕು ಅಂತ ಯಾರೋ ಹೇಳ್ತಾ ಇದ್ದರು. ನಾನು ಬೈದೆ. ಕಳೆದ ವಾರ ಹಕೀಮನೇ ನೋಡಿದ್ದಾನೆ, ಆ ಮಾತು ಆಡಬೇಡಿ ಅಂದೆ. ಸರಿಯಲ್ವಾ?"

ಹಕೀಂ ತಲೆಯಾಡಿಸಿದ. ಜೇಬಿನಲ್ಲಿ ಅವನ ಫೋನು ಗುಂಯ್ ಎಂದಿತು. ಹೆಂಡತಿ ಫಾತಿಮಾ. ಬಾವಿಕಟ್ಟೆಯ ಹಿಂದಕ್ಕೆ ಹೋಗಿ ಕಿವಿಗಿಟ್ಟುಕೊಂಡ. ಠಾಣೆಯ ವಿಷಯ ಹೇಳಿದ.

ಅವಳು ಬ್ಯಾರಿ ಭಾಷೆಯಲ್ಲಿ, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರುವಂತೆ ದನಿ ತಗ್ಗಿಸಿದಳು. "ಆ ರಬ್ಬರಿನ ವಿಷಯ ಅಲ್ಲಿ ಯಾರ ಹತ್ತಿರವೂ ಎತ್ತಬೇಡಿ. ಈಗಿನ ಕಾಲ ಗೊತ್ತುಂಟಲ್ಲ. ಮೆಕ್ಯಾನಿಕ್ ಯಾರು ಅಂತ ಕೇಳುವುದಿಲ್ಲ, ಹೆಸರು ಎಂತ ಅಂತ ಕೇಳ್ತಾರೆ."

*

ಗುರುವಾರ ಬೆಳಿಗ್ಗೆ ಸರ್ವೋತ್ತಮ ಗ್ಯಾರೇಜಿಗೆ ಬಂದಿದ್ದ. ಮುಂದಿನ ಎಡಚಕ್ರದಲ್ಲಿ ಬ್ರೇಕ್ ಆಯಿಲ್ ಒಸರುತ್ತಿತ್ತು. ಎಣ್ಣೆ ಸೋರದಂತೆ ತಡೆಯುವ ಒಳಗಿನ ರಬ್ಬರ್ ಹೋಗಿತ್ತು. ಆ ಕಾಲದ ಕಾರಿಗೆ ಹೊಸ ರಬ್ಬರ್ ಕೊಯಮತ್ತೂರಿನಿಂದ ಬರಬೇಕು. ಹೇಳಿ ಎಂಟು ದಿನವಾದರೂ ಬಂದಿರಲಿಲ್ಲ. ಹಕೀಂ ತಗಡಿನ ಡಬ್ಬಿ ಸುರುವಿ, ಬೇರೆ ಕಾರಿನಿಂದ ತೆಗೆದಿಟ್ಟ ಹಳೆಯದೊಂದನ್ನು ಹುಡುಕಿದ. ಬೆರಳಿನಿಂದ ಅಂಚು ಸವರಿ ನೋಡಿದ. ಪರವಾಗಿಲ್ಲ ಎನಿಸಿತು. ತೊಳೆದು ಹಾಕಿದ. ಓಡಿಸಿ ನೋಡಿದ, ಬ್ರೇಕ್ ಚೆನ್ನಾಗಿ ಹಿಡಿಯಿತು.

"ಭಾನುವಾರ ಕಾರ್ಕಳದಲ್ಲಿ ಉಂಟು ನಂಗೆ," ಎಂದಿದ್ದ ಸರ್ವೋತ್ತಮ, ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಾ.

ಇದು ನಾಲ್ಕು ದಿನದ ಮಟ್ಟಿಗೆ ಮಾತ್ರ. ಪೇಟೆಗೆ ಸಾಕು, ಕಾರ್ಕಳದ ಇಳಿಜಾರಿಗೆ ಬೇಡ, ಬಸ್ಸಿನಲ್ಲಿ ಹೋಗು. ಹಕೀಂ ಹೀಗೆ ಹೇಳಬೇಕು ಎಂದುಕೊಂಡದ್ದು ನಿಜ. ಅಷ್ಟರಲ್ಲಿ ಫೋನು ಬಂತು, ಮಲ್ಪೆಯ ಮೀನಿನ ಲಾರಿಯವನದು. ಮಾತು ಮುಗಿಸಿ ತಿರುಗುವಾಗ ಫಿಯಟ್ ರಸ್ತೆಗೆ ಏರಿತ್ತು. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು.

ಫೋನು ಬರುವ ಮೊದಲೇ ಹೇಳಿದ್ದೆನೋ? ನಿನ್ನೆಯಿಂದ ನೂರು ಸಲ ಆ ಗಳಿಗೆಗೆ ಹಿಂದಿರುಗಿ ಹುಡುಕಿದ್ದ. ಹೇಳಿದ ಹಾಗೆಯೂ ಕೇಳಿಸುತ್ತಿತ್ತು. ಆದರೆ ಸರ್ವೋತ್ತಮ ಕೊಟ್ಟ ಉತ್ತರ ಎಷ್ಟು ನೆನೆದರೂ ಸಿಗುತ್ತಿರಲಿಲ್ಲ. ಅವನು ಬುದ್ಧಿಮಾತು ಕೇಳಿ ಸುಮ್ಮನಿರುವ ಮನುಷ್ಯನಲ್ಲ. ಹೇಳಿದ್ದರೆ ಏನಾದರೊಂದು ಅಂದೇ ಇರಬೇಕಿತ್ತು.

*

ಆಂಬುಲೆನ್ಸ್ ಬಂತು. ನಾಲ್ವರು ಇಳಿಸಿಕೊಂಡರು, ಹಕೀಂ ಕಾಲಿನ ಕಡೆ ಹಿಡಿದ. ಬಿಳಿ ಬಟ್ಟೆಯಲ್ಲಿ ಮುಖದ ಒಂದು ಪಾಲು ಮಾತ್ರ ಕಾಣುತ್ತಿತ್ತು. ಅಂಗಳದಲ್ಲಿ ಅಳು ಎದ್ದಿತು. ಎಡ್ವಿನ್ ಬಿಕ್ಕಿದ, ಪೈಗಳು ಕನ್ನಡಕ ತೆಗೆದರು. ಹಕೀಮನಿಗೆ ಅಳು ಬರಲಿಲ್ಲ. ಚಕ್ರದೊಳಗೆ ಏನು ಸಿಗುತ್ತದೋ ಎಂಬ ಒಂದೇ ಯೋಚನೆ. ಗಡಿಯಾರ ನೋಡಿದ. ಹನ್ನೆರಡಕ್ಕೆ ಹತ್ತು ನಿಮಿಷ.

ಸ್ನಾನ ಮಾಡಿಸಲು ಗಂಡಸರು ಸುತ್ತುಗಟ್ಟಿದಾಗ ಅವನ ಕಾಲು ತಾನಾಗಿಯೇ ಒಳಗೆ ನಡೆಯಿತು. ನಡುಕೋಣೆಯಲ್ಲಿ ಸರ್ವೋತ್ತಮನ ಹೆಂಡತಿ ಗುಣವತಿ ಗೋಡೆಗೊರಗಿ ಕುಳಿತಿದ್ದಳು, ಸುತ್ತ ಏಳೆಂಟು ಹೆಂಗಸರು. ಹಕೀಂ ಹೊಸ್ತಿಲಲ್ಲೇ ನಿಂತ. ಫಾತಿಮಾಳ ಮಾತು ಕಿವಿಯಲ್ಲಿತ್ತು. ಈಗಲೂ ತಿರುಗಿ ಹೋಗಬಹುದಿತ್ತು.

"ಗುಣವತಿಯಕ್ಕ, ಒಂದು ಮಾತು."

ಅವಳು ತಲೆ ಎತ್ತಿದಳು.

"ಗುರುವಾರ ನಾನು ಹಾಕಿದ್ದು ಹಳೇ ರಬ್ಬರ್. ಹೊಸದು ಬಂದಿರಲಿಲ್ಲ. ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗು ಅಂತ ಅವನಿಗೆ ಹೇಳಿದ್ದೇನೋ ಇಲ್ಲವೋ ನನಗೆ ನೆನಪಾಗುವುದಿಲ್ಲ. ನಿಮ್ಮ ಹತ್ತಿರ ಅವನು ಏನಾದರೂ ಅಂದನಾ?"

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುಣವತಿ ತುಂಬ ಹೊತ್ತು ಯೋಚಿಸಿದಳು. ಹೌದು ಎನ್ನಲಿ ಎಂದು ಹಕೀಂ ಒಳಗೊಳಗೇ ದೇವರನ್ನು ಕೇಳಿಕೊಂಡ.

"ಇಲ್ಲ," ಎಂದಳು ಅವಳು. "ಏನೂ ಹೇಳಲಿಲ್ಲ."

ಅವನು ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

"ಮೂರು ಗಂಟೆಗೆ ಬಿಚ್ಚಿ ನೋಡ್ತಾರಂತೆ," ಎಂದ.

"ನೀವೇ ನೋಡಿ. ಮೋಕ್ಷಾ ಬರ್ತಾಳೆ." ಅವಳ ದನಿಯಲ್ಲಿ ಸಿಟ್ಟಿತ್ತೋ ದಣಿವಿತ್ತೋ ಗೊತ್ತಾಗಲಿಲ್ಲ. "ಏನೇ ಇರಲಿ, ನೀವೇ ನನಗೆ ಹೇಳಬೇಕು. ಪೇಪರಿನಲ್ಲಿ ಓದಿ ಗೊತ್ತಾಗುವುದು ಬೇಡ."

ಸ್ಮಶಾನದಲ್ಲಿ ಸರ್ವೋತ್ತಮನ ಅಣ್ಣನ ಮಗ ಚಿತೆಗೆ ಬೆಂಕಿ ಇಟ್ಟ. ಎಡ್ವಿನ್ ಕೈಕಟ್ಟಿ ನಿಂತಿದ್ದ. ಅವನ ಬಲಗೈಯ ಮೂರು ಬೆರಳುಗಳು ಟ್ರಂಪೆಟ್ಟಿನ ಗುಂಡಿ ಒತ್ತುವಂತೆ ಎಡತೋಳಿನ ಮೇಲೆ ಏಳುತ್ತಿದ್ದವು, ಇಳಿಯುತ್ತಿದ್ದವು.

*

ಹಕೀಂ ಮೋಕ್ಷಾಳನ್ನು ಕೂರಿಸಿಕೊಂಡು ಶಿರ್ವ, ಬೆಳ್ಮಣ್ ದಾಟಿದ. ಕಾರು ಮರಕ್ಕೆ ಹೊಡೆದ ತಿರುವು ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಹಕೀಂ ಗಾಡಿ ನಿಧಾನ ಮಾಡಲಿಲ್ಲ. ಮಾಡಿದ್ದರೆ ಮುಂದೆ ಓಡಿಸಲು ಅವನಿಂದ ಆಗುತ್ತಿರಲಿಲ್ಲ.

ಠಾಣೆಯ ಹಿತ್ತಿಲಿನಲ್ಲಿ ಫಿಯಟ್ ಮೂತಿ ಒಳಸೇರಿ ನಿಂತಿತ್ತು. ಬ್ರೇಕ್ ಇನ್‌ಸ್ಪೆಕ್ಟರ್ ವಯಸ್ಸಾದ, ಮೆದು ಮಾತಿನ ಮನುಷ್ಯ. "ನಿಮಗೆ ಯಾವುದು ಮೊದಲು ಬೇಕೋ ಅದನ್ನು ಬಿಚ್ಚಿ," ಎಂದರು.

ಹಕೀಂ ಮುಂದಿನ ಬಲಚಕ್ರದಿಂದ ಶುರು ಮಾಡಿದ. ಆಮೇಲೆ ಹಿಂದಿನ ಎರಡು. ಮುಂದಿನ ಎಡಚಕ್ರದ ಎದುರು ಮಂಡಿಯೂರಿದಾಗ ಸ್ಪ್ಯಾನರ್ ನಟ್ಟಿಗೆ ಕೂರಲೇ ಇಲ್ಲ. ಮೋಕ್ಷಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸ್ಪ್ಯಾನರಿನ ತುದಿ ಹಿಡಿದುಕೊಟ್ಟಳು. ಚಕ್ರ ಬಂತು. ಒಳಗಿನ ಬ್ರೇಕ್ ಡ್ರಮ್ ಬಿಗಿದುಕೊಂಡಿತ್ತು, ಸುತ್ತ ಮೆಲ್ಲಗೆ ಬಡಿದ. ಹೊರಗೆ ಬಂತು.

ಒಳಗೆ ಒಣಗಿತ್ತು. ಒಂದು ಹನಿ ಎಣ್ಣೆ ಇರಲಿಲ್ಲ.

ನಂಬಿಕೆ ಬಾರದೆ ಬೆರಳು ಹಾಕಿ ಸವರಿದ. ರಬ್ಬರ್ ಬಿಚ್ಚಿ ಬೆಳಕಿಗೆ ಹಿಡಿದ. ಅಂಚು ಇಟ್ಟ ಹಾಗೆ ಇತ್ತು.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. "ಬ್ರೇಕ್ ಸರಿ ಉಂಟು. ನಾನು ಈಗ ಆ ಜಾಗದಿಂದಲೇ ಬಂದದ್ದು. ರಸ್ತೆಯ ಮೇಲೆ ನಾಲ್ಕೂ ಚಕ್ರ ಉಜ್ಜಿದ ಗುರುತುಂಟು. ಅಡ್ಡರಸ್ತೆಯಿಂದ ಸ್ಕೂಟರ್ ಒಂದು ನುಗ್ಗಿತಂತೆ, ಗೂಡಂಗಡಿಯವನು ನೋಡಿದ್ದಾನೆ. ಸ್ಕೂಟರಿನವನನ್ನು ಉಳಿಸಲಿಕ್ಕೆ ಇವರು ಸ್ಟಿಯರಿಂಗ್ ಎಳೆದಿದ್ದಾರೆ."

ಅಬ್ಬ, ಎಂದಿತು ಹಕೀಮನ ಜೀವ. ತಾನು ಬದುಕಿದೆ ಎನಿಸಿತು. ಹಾಗೆ ಎನಿಸಿದ ಕೂಡಲೇ, ಸ್ಟಿಯರಿಂಗಿನ ಹಿಂದಿನ ಸೀಟು ಖಾಲಿ ಇರುವುದು ಅವನಿಗೆ ಮೊದಲ ಸಲ ಕಾಣಿಸಿತು. ಹೆಗಲು ತಾಗುವ ಕಡೆ ರೆಕ್ಸಿನ್ ಸವೆದು ಬಿಳಿಚಿತ್ತು. ಸರ್ವೋತ್ತಮ ಸತ್ತಿದ್ದ. ಒಂದು ದಿನ ಪೂರ್ತಿ ಕಳೆದು ಈಗ ಸತ್ತಿದ್ದ.

ಹಕೀಂ ನೆಲದ ಮೇಲೆ ಕುಳಿತು, ಬಾಯಿ ತೆರೆದು, ಮಕ್ಕಳ ಹಾಗೆ ಅತ್ತ. ಒಳಗಿನಿಂದ ಪೇದೆಯೊಬ್ಬ ಎದ್ದು ಬಂದು ಬಾಗಿಲಲ್ಲಿ ನಿಂತ.

"ಅಮ್ಮನಿಗೆ ಹೇಳಬೇಕಲ್ವಾ ಅಂಕಲ್," ಎಂದಳು ಮೋಕ್ಷಾ, ಅವಳೂ ಅಳುತ್ತಲೇ. "ನೀವೇ ಹೇಳಬೇಕು ಅಂದಿದ್ದಾಳೆ." ಫೋನು ಹಚ್ಚಿ, ಅವನ ಕೈ ಕರಿಯಾಗಿದ್ದುದರಿಂದ ತಾನೇ ಅವನ ಕಿವಿಗೆ ಹಿಡಿದಳು.

"ಹೇಳಿ ಹಕೀಮಣ್ಣ," ಎಂದಳು ಗುಣವತಿ.

ಹಕೀಂ ಬಾಯಿ ತೆರೆದ. ಅಳುವೇ ಬಂತು. ತಡೆದುಕೊಂಡು ಮತ್ತೆ ತೆರೆದ. ಮತ್ತೆ ಅಳು.

ಆಚೆ ಕಡೆ ಗುಣವತಿ ಕಾದಳು. ಅವಳ ಉಸಿರು ಒಮ್ಮೆ ತಡೆದು, ಮೆಲ್ಲಗೆ ಹೊರಬಂದದ್ದು ಕೇಳಿಸಿತು.

"ಆಯ್ತು ಹಕೀಮಣ್ಣ. ಹೇಳುವುದು ಬೇಡ, ಗೊತ್ತಾಯ್ತು," ಎಂದಳು. "ನೀವು ಬೇಕಂತ ಮಾಡಿದ್ದಲ್ಲ. ಅಳಬೇಡಿ. ಪಕ್ಕದ ಮನೆಯಿಂದ ಗಂಜಿ ಬಂದಿದೆ, ನಾವು ಯಾರೂ ಉಂಡಿಲ್ಲ. ಹುಡುಗಿಯನ್ನು ಕರಕೊಂಡು ನಿಧಾನ ಬನ್ನಿ."

ಅಲ್ಲ, ಅಲ್ಲ ಎಂದು ಹಕೀಂ ತಲೆ ಅಲ್ಲಾಡಿಸಿದ. ಅವಳಿಗೆ ಅದು ಕಾಣುವಂತಿರಲಿಲ್ಲ. ಅವನು ಅಲ್ಲಾಡಿಸುತ್ತಲೇ ಇದ್ದ. ಫೋನು ಕಿವಿಯಿಂದ ತಪ್ಪಿಹೋಗದಂತೆ ಮೋಕ್ಷಾಳ ಕೈ ಅವನ ತಲೆಯೊಂದಿಗೆ ಆ ಕಡೆ, ಈ ಕಡೆ ಆಡುತ್ತಿತ್ತು.