ಸಾವಿನ ಸುದ್ದಿ ಹೇಳಲು ಹೋದವಳು

ಅಕ್ಕ ಕೊರ್ರಿ ರಾಟರ್‌ಡ್ಯಾಮಿನಿಂದ ಫೋನು ಮಾಡಿದಾಗಲೆಲ್ಲ ಇನೆಕೆ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ತನ್ನ ಪಾಡಿಗೆ ಕೆಲಸ ಮಾಡಿಕೊಳ್ಳುತ್ತಿದ್ದಳು. ಕೊರ್ರಿಗೆ ಉತ್ತರ ಬೇಕಾಗುತ್ತಿರಲಿಲ್ಲ. ನಡುನಡುವೆ ಒಂದು ‘ಹೂಂ’ ಬಿದ್ದರೆ ಸಾಕು, ಗಾಡಿ ತಾನೇ ಓಡುತ್ತಿತ್ತು.

‘‘ಮೂರನೇ ಮಹಡಿ. ಲಿಫ್ಟ್ ಇದೆ. ನಮ್ಮನೆಯಿಂದ ಟ್ರಾಮಿನಲ್ಲಿ ಎರಡೇ ಸ್ಟಾಪು. ಶನಿವಾರ ಬಂದು ನೋಡಿ ಹೂಂ ಅಂದ್ರೆ ನಿನ್ನದು. ಬರ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾನಂತೆ. ಕೇಳಿಸ್ತಾ ಇದೆಯೇನೇ?’’

‘‘ಹೂಂ.’’

‘‘ಆ ಹಳ್ಳೀಲಿ ಇನ್ನೇನಿದೆ ನಿನಗೆ? ಲೇಂಡರ್ಟ್ ಸತ್ತಾಗ ಒಂದು ನಾಯಿಯಾದರೂ ಬಂತಾ?’’

ಇನೆಕೆ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ದಿನವಿಡೀ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಮಾಡುವುದೂ ಅದೇ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಅಕ್ಕನ ಮಾತು ನಿಜವಾಗಿತ್ತು, ಆದರೆ ನಿಜ ಕೇಳಿದರೆ ಚುಚ್ಚಬೇಕಾದ ಜಾಗದಲ್ಲಿ ಅವಳಿಗೆ ಏನೂ ಚುಚ್ಚಲಿಲ್ಲ. ಜನವರಿಯಿಂದ ಹೀಗೇ. ಹಲ್ಲು ಕೀಳುವ ಮುಂಚೆ ಮದ್ದು ಚುಚ್ಚಿಸಿಕೊಂಡವರ ದವಡೆಯ ಹಾಗೆ.

ರಾಟರ್‌ಡ್ಯಾಮು ಬಿಟ್ಟು ಪೂರ್ವದ ಈ ಬಯಲಿಗೆ ಬಂದದ್ದು ಗಂಡ ಲೇಂಡರ್ಟನ ಆಸೆಗೆ. ಸೋರುವ ಸೂರಿನ ಹಳೇ ಮನೆಯೊಂದನ್ನು ಕೊಂಡ. ಹೊಸದಾಗಿ ಬಂದವರು ಸುತ್ತಲಿನ ಎಂಟು ಮನೆಯವರನ್ನು ಕರೆದು ನೆರೆಯೂಟ ಹಾಕಬೇಕು, ಆಗಲೇ ನೆರೆಗೆ ಸೇರಿದ ಲೆಕ್ಕ ಎಂದು ಬಂದ ಮೊದಲ ವಾರವೇ ಯಾರೋ ಹೇಳಿದ್ದರು. ‘‘ಹಾಕೋಣ, ಹಾಕೋಣ, ಸೂರು ಒಂದು ಆಗಲಿ’’ ಎನ್ನುತ್ತಿದ್ದ ಲೇಂಡರ್ಟ್. ಸೂರು ಮುಗಿಯಿತು. ಜನವರಿಯಲ್ಲಿ ಏಣಿ ಎತ್ತಿಡುತ್ತಿದ್ದವನು ಅಂಗಳದಲ್ಲೇ ಕುಸಿದ. ಪಟ್ಟಣದಿಂದ ಶವಸಂಸ್ಕಾರದ ಅಂಗಡಿಯವರು ಬಂದರು, ಕೂಲಿಯವರು ಹೊತ್ತರು. ಇನೆಕೆ ಮುಂದಿನ ಕೋಣೆಯಲ್ಲಿ ಕಪ್ಪು ಉಡುಪು ಹಾಕಿಕೊಂಡು, ಕಾಫಿ ಕಾಸಿಟ್ಟು, ಎರಡು ದಿನ ಕಾದಳು. ಯಾರೂ ಕರೆಗಂಟೆ ಒತ್ತಲಿಲ್ಲ. ಹಳ್ಳಿಯವರು ಊಟ ಹಾಕದವರ ಮನೆಗೆ ಹೆಣ ನೋಡಲೂ ಬರುವುದಿಲ್ಲ ಎಂದುಕೊಂಡಳು. ಸಿಟ್ಟೂ ಬರಲಿಲ್ಲ.

ಭಾನುವಾರಗಳಂದು ಚರ್ಚಿಗೆ ಮಾತ್ರ ಹೋಗುತ್ತಿದ್ದಳು. ಪಾದ್ರಿ ಉಪದೇಶಕ್ಕೆ ಬಾಯಿ ತೆರೆದ ಕೂಡಲೇ ಬೆಂಚು ಬೆಂಚಿನಲ್ಲೂ ಪೆಪ್ಪರ್‌ಮಿಂಟಿನ ಕಾಗದ ಸರಸರ ಎನ್ನುತ್ತಿತ್ತು. ಅವಳ ಮನೆಯಲ್ಲಿ ಪೆಪ್ಪರ್‌ಮಿಂಟು ತರುವ ಕೆಲಸ ಲೇಂಡರ್ಟನದಾಗಿತ್ತು. ಈಗ ತರುವವರಿರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಕತ್ತಲೆ ಕಾಣುತ್ತಿತ್ತು, ಅಷ್ಟೇ.

‘‘ಶನಿವಾರ ಬರ್ತೀಯ ತಾನೇ?’’ ಎಂದಳು ಕೊರ್ರಿ.

‘‘ಬರ್ತೀನಿ.’’

ಮೇಜಿನ ಆ ಬದಿಗೆ ಕೂತು ಗಣಿತ ಮಾಡುತ್ತಿದ್ದ ಮಗಳು ಫೆನ್ನಾ ತಲೆಯೆತ್ತಿದಳು. ಹದಿನಾರರ ಹುಡುಗಿ, ಅಪ್ಪನ ಎತ್ತರ. ‘‘ಅಲ್ಲಿಗೆ ಹೋದ್ರೆ ನೀನು ಮಾತಾಡ್ತೀಯಾ?’’

‘‘ಈಗ ಏನು ಮಾಡ್ತಿದ್ದೀನಿ?’’

‘‘ಹೂಂ ಅಂತಿದ್ದೀಯ,’’ ಎಂದು ಫೆನ್ನಾ ಮತ್ತೆ ಪುಸ್ತಕಕ್ಕೆ ಬಗ್ಗಿದಳು. ‘‘ಹೂಂ ಅನ್ನೋದಕ್ಕೆ ಲಿಫ್ಟ್ ಇರೋ ಮನೆ ಯಾಕೆ.’’

ಮಂಗಳವಾರ ಬೆಳಿಗ್ಗೆ ಹಿಂಬಾಗಿಲನ್ನು ಯಾರೋ ಹಿಡಿದು ಅಲುಗಾಡಿಸಿದರು. ತಟ್ಟಲಿಲ್ಲ, ಕೂಗಲಿಲ್ಲ, ಹಿಡಿಯನ್ನೇ ಮುರಿಯುವ ಹಾಗೆ ಜಗ್ಗಿದರು. ಫೆನ್ನಾ ಚಿಲಕ ತೆಗೆದಳು. ಎದುರು ಮನೆಯ ಡ್ರಿಕಾ ಅಜ್ಜಿ ನಿಂತಿದ್ದಳು, ಮನೆಯ ಏಪ್ರನ್ನಿನಲ್ಲೇ, ಕಾಲಿಗೆ ಕೊಟ್ಟಿಗೆಯ ಮರದ ಚಪ್ಪಲಿ. ಮೇ ತಿಂಗಳು. ಹೊಲಗಳಲ್ಲಿ ಮೊದಲ ಹುಲ್ಲು ಕೊಯ್ಲಿನ ಯಂತ್ರ ಗುಡುಗುತ್ತಿದ್ದ ಕಾಲ.

‘‘ಗ್ಯಾರಿಟ್ ಹೋದ,’’ ಎಂದಳು ಡ್ರಿಕಾ, ಹಾಲು ಒಡೆಯಿತು ಎನ್ನುವ ದನಿಯಲ್ಲಿ. ಗ್ಯಾರಿಟ್ ಅವಳ ಗಂಡ. ‘‘ಬೆಳಿಗ್ಗೆ ಎಬ್ಬಿಸಿದೆ, ಏಳಲಿಲ್ಲ. ಡಾಕ್ಟ್ರು ಬಂದು ಹೋದ್ರು. ನೀನು ಬಾ.’’

‘‘ನಾನಾ?’’ ಎಂದಳು ಇನೆಕೆ.

‘‘ನನ್ನ ಬಾಗಿಲಿಂದ ನೋಡಿದ್ರೆ ಕಾಣೋ ಮೊದಲ ಮನೆ ಯಾವುದು? ನಿನ್ನದು. ಹೆಣ ತೊಳೆದು ಬಟ್ಟೆ ಹಾಕೋದು, ಸುದ್ದಿ ಹೇಳೋದು, ಹೊರೋಕೆ ಹೆಗಲು ಕೊಡೋದು ಮೊದಲ ಮನೆಯವರ ಕೆಲಸ.’’

‘‘ನಾವು ನೆರೆಯೂಟ ಹಾಕಿಲ್ಲವಲ್ಲ.’’

‘‘ಅದು ಗೊತ್ತು. ಆದ್ರೆ ಗ್ಯಾರಿಟ್ ನಿನ್ನ ಊಟಕ್ಕೆ ಕಾಯೋ ಸ್ಥಿತೀಲಿಲ್ಲ ಕಣೇ.’’

ಇನೆಕೆ ಆಶ್ರಮಕ್ಕೆ ರಜೆ ಹೇಳಿ ಅವಳ ಹಿಂದೆ ಹೋದಳು. ಹೋಗುವ ಮನಸ್ಸೂ ಇರಲಿಲ್ಲ, ಹೋಗದಿರುವ ಮನಸ್ಸೂ ಇರಲಿಲ್ಲ.

ಗ್ಯಾರಿಟ್ ಅಜ್ಜ ದೊಡ್ಡಾಳು. ಒಂದು ಮಗ್ಗುಲಿಗೆ ಹೊರಳಿಸಲು ಇಬ್ಬರೂ ಏದುಸಿರು ಬಿಟ್ಟರು. ಡ್ರಿಕಾ ಬಿಸಿನೀರಿನ ಬೋಗುಣಿಯಲ್ಲಿ ಬಟ್ಟೆ ಅದ್ದಿ ಹಿಂಡುವಳು, ಇನೆಕೆ ಒರೆಸುವಳು. ಆಶ್ರಮದಲ್ಲಿ ಆಳು ಸಾಲದ ದಿನಗಳಲ್ಲಿ ಜೀವವಿರುವ ಮುದುಕರ ಕೈಕಾಲು ಒರೆಸಿ ಅವಳಿಗೆ ರೂಢಿಯಿತ್ತು. ಲೇಂಡರ್ಟನನ್ನು ಒರೆಸಿದವರು ಯಾರೋ ಅವಳಿಗೆ ಗೊತ್ತಿರಲಿಲ್ಲ. ಅಂಗಡಿಯವರು ಬಾಗಿಲು ಹಾಕಿಕೊಂಡಿದ್ದರು.

‘‘ಕಿವಿ ಹಿಂದೆ ಒರೆಸು. ಬದುಕಿದ್ದಾಗ ಒಂದು ದಿನವೂ ತೊಳ್ಕೊಂಡವನಲ್ಲ,’’ ಎಂದಳು ಡ್ರಿಕಾ. ಸ್ವಲ್ಪ ಹೊತ್ತಾದ ಮೇಲೆ, ಅಂಗಿ ತೊಡಿಸುತ್ತ, ‘‘ಜನವರೀಲಿ ನಾವು ಬಂದಿದ್ವಿ,’’ ಎಂದಳು.

‘‘ಎಲ್ಲಿಗೆ?’’

‘‘ಎಲ್ಲಿಗೆ ಅಂದ್ರೆ? ನಿನ್ನ ಮನೆಗೆ. ನಾನು, ಗ್ಯಾರಿಟ್, ಬೆರೆಂಡ್, ಅವನ ಹೆಂಡತಿ ಮಿನಾ. ಹಿಂಬಾಗಿಲಿಗೆ ಬೀಗ.’’

ಇನೆಕೆಯ ಕೈ ನಿಂತಿತು. ‘‘ನಾನು ಒಳಗೇ ಇದ್ದೆ.’’

‘‘ಗೊತ್ತು. ದೀಪ ಉರೀತಿತ್ತು. ಮಾರನೇ ದಿನವೂ ಬಂದ್ವಿ. ಬೀಗ. ಸಾವಿನ ಮನೇಲಿ ಹಿಂಬಾಗಿಲು ಹಾಕಿದ್ರೆ ಯಾರೂ ಬೇಡ ಅಂತ ಅರ್ಥ. ಸರಿ, ಪಟ್ಟಣದವಳು, ಅವಳ ದುಃಖ ಅವಳದು ಅಂತ ವಾಪಸ್ ಬಂದ್ವಿ.’’

‘‘ರಾಟರ್‌ಡ್ಯಾಮಿನಲ್ಲಿ ಹಿಂಬಾಗಿಲಿಗೆ ಬೀಗ ಹಾಕದಿದ್ರೆ ಸೈಕಲ್ಲು ಹೋಗುತ್ತೆ,’’ ಎಂದಳು ಇನೆಕೆ. ‘‘ಮುಂದಿನ ಬಾಗಿಲಿಗೆ ಬರಬಹುದಿತ್ತು ನೀವು.’’

ಡ್ರಿಕಾ ನಿಜವಾಗಿಯೂ ಅಚ್ಚರಿಪಟ್ಟು ಅವಳನ್ನು ನೋಡಿದಳು. ‘‘ಮುಂಬಾಗಿಲಿಗೆ? ಅಲ್ಲಿ ಪಾದ್ರಿ ಬರ್ತಾನೆ, ಮದುವಣಗಿತ್ತಿ ಬರ್ತಾಳೆ, ಹೆಣ ಹೋಗುತ್ತೆ. ನಾವೇನು ಅಲ್ಲಿ?’’

‘‘ನಾನು ಅಲ್ಲೇ ಕೂತು ಕಾಯ್ತಿದ್ದೆ. ಕಾಫಿ ಮಾಡಿಟ್ಟುಕೊಂಡು.’’

ಇಬ್ಬರ ನಡುವೆ ಗ್ಯಾರಿಟ್ ಅಜ್ಜ ಒಂದು ತೋಳು ಅಂಗಿಯೊಳಗೆ, ಇನ್ನೊಂದು ಹೊರಗೆ ಇಟ್ಟುಕೊಂಡು ಮಲಗಿದ್ದ.

‘‘ಎಂಥ ಕತ್ತೆಗಳು ನಾವು,’’ ಎಂದಳು ಡ್ರಿಕಾ ಕೊನೆಗೆ. ‘‘ಆ ತೋಳು ಹಿಡ್ಕೋ.’’

ಇದನ್ನು ಕೇಳಿ ಅಳಬೇಕು ಎಂದು ಇನೆಕೆಗೆ ತೋರಿತು. ಅಳು ಬರಲಿಲ್ಲ. ಬೇರೆ ಯಾರದೋ ಮನೆಯ ಕಥೆ ಕೇಳಿದ ಹಾಗಿತ್ತು. ತೋಳು ಹಿಡಿದುಕೊಂಡಳು.

ಕಾಫಿಯಾದ ಮೇಲೆ ಡ್ರಿಕಾ ಅವಳಿಗೆ ಸುದ್ದಿ ಹೇಳುವ ಕ್ರಮ ಕಲಿಸಿದಳು. ‘‘ಫೋನು ಮಾಡಬಾರದು, ಹೋಗ್ಬೇಕು. ತಟ್ಟಬಾರದು, ಹಿಂದಿಂದ ನೆಟ್ಟಗೆ ಒಳಗೆ ಹೋಗು. ಹೊಸಿಲ ಮೇಲೆ ನಿಂತು ಹೇಳಬೇಡ. ಹೇಳೋ ಮುಂಚೆ ಕೂರಬೇಡ. ‘ಇಂಥವರು ತೀರಿಕೊಂಡಿದ್ದಾರೆ, ಶನಿವಾರ ಮಣ್ಣು, ಹೊರೋಕೆ ಬರಬೇಕಂತೆ’ ಅಷ್ಟು. ಅವರು ಪ್ರಾರ್ಥನೆ ಹೇಳ್ತಾರೆ. ಆಮೇಲೆ ಏನಾದರೂ ಕೊಟ್ರೆ ಕುಡಿ.’’

‘‘ನನಗೆ ಪ್ರಾರ್ಥನೆ ಬರ್ತಿಲ್ಲ,’’ ಎಂದಳು ಇನೆಕೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ‘‘ಜನವರಿಯಿಂದ.’’

‘‘ನಿನ್ನನ್ನ ಯಾರು ಕೇಳಿದ್ರು? ಸುದ್ದಿ ಹೇಳೋರು ಹೇಳಬೇಕು, ಪ್ರಾರ್ಥನೆ ಮನೆಯವರು ಮಾಡ್ತಾರೆ. ಎಲ್ಲಾನೂ ಒಬ್ಬರೇ ಮಾಡೋ ಹಾಗಿದ್ರೆ ನೆರೆ ಯಾಕೆ?’’

ಸೈಕಲ್ಲು ಹತ್ತಿ ಹೊರಟಳು. ಇಕ್ಕೆಲದಲ್ಲೂ ಕೊಯ್ದ ಹುಲ್ಲಿನ ವಾಸನೆ. ಮೊದಲ ಮನೆಯಲ್ಲಿ ಹೆಂಗಸು ಸೊಪ್ಪು ತೊಳೆಯುತ್ತಿದ್ದವಳು ಸೊಪ್ಪು ಹಿಡಿದೇ ಕೇಳಿದಳು. ಎರಡನೆಯ ಮನೆಯಲ್ಲಿ ಗಂಡಸು ಹೊಲದಿಂದ ಬರುವ ತನಕ ನಿಲ್ಲಬೇಕಾಯಿತು. ಇನೆಕೆ ಹೇಳಬೇಕಾದ್ದನ್ನು ಹೇಳಿದಳು, ಅವರು ತಲೆ ತಗ್ಗಿಸಿ ಪ್ರಾರ್ಥನೆ ಹೇಳಿದರು, ಅವಳು ಕೈ ಕಟ್ಟಿಕೊಂಡು ನಿಂತಳು. ಪರವಾಗಿಲ್ಲ, ಬಾಯಿ ತಾನೇ ಹೇಳುತ್ತದೆ, ಆಲೂಗಡ್ಡೆ ಸುಲಿಯುವ ಕೈಯ ಹಾಗೆ ಎಂದುಕೊಂಡಳು.

ಮೂರನೆಯದು ಬೆರೆಂಡ್ ಮತ್ತು ಮಿನಾರ ಮನೆ. ಮಿನಾ ಒಲೆಯ ಮೇಲೆ ಜಾಮ್ ಕಾಯಿಸುತ್ತಿದ್ದಳು. ಬಾಯಿ ಜೋರಿನ ಹೆಂಗಸೆಂದು ಊರಿಗೆಲ್ಲ ಗೊತ್ತು. ತಿರುಗಿ ನೋಡದೆಯೇ, ‘‘ಯಾರದು, ಕಾಲೊರೆಸಿಕೊಂಡು ಬರೋ ಅಭ್ಯಾಸ ಉಂಟಾ?’’ ಎಂದಳು.

ಇನೆಕೆ ಕಾಲೊರೆಸಿಕೊಂಡು ಅಡುಗೆಮನೆಯ ನಡುವೆ ಬಂದು ನಿಂತಳು.

‘‘ಲೇಂಡರ್ಟ್ ತೀರಿಕೊಂಡಿದ್ದಾರೆ,’’ ಎಂದಳು.

ಹೇಳಿದ್ದು ತನಗೇ ಕೇಳಿಸಿತು. ತಿದ್ದಿಕೊಳ್ಳಲು ಬಾಯಿ ತೆರೆದಳು, ಬಾಯಿ ತೆರೆದೇ ಉಳಿಯಿತು.

ಮಿನಾ ತಿರುಗಿದಳು. ಒಲೆ ಆರಿಸಿದಳು. ಕೈಯಲ್ಲಿದ್ದ ಸೌಟನ್ನು ಎಲ್ಲಿಡುವುದೆಂದು ಒಂದು ಗಳಿಗೆ ತಿಳಿಯದೆ ಕೊನೆಗೆ ತಟ್ಟೆಯ ಮೇಲಿಟ್ಟಳು.

‘‘ಯಾವಾಗ?’’ ಎಂದು ಕೇಳಿದಳು.

‘‘ಜನವರೀಲಿ.’’

‘‘ಎಲ್ಲಿ?’’

‘‘ಅಂಗಳದಲ್ಲಿ. ಏಣಿ ಎತ್ತಿಡ್ತಾ ಇದ್ರು. ಬಿದ್ದ ಶಬ್ದ ಕೇಳಿ ಏಣಿ ಬಿತ್ತು ಅಂದ್ಕೊಂಡೆ. ಇನ್ನೊಂದು ಬಟ್ಟೆ ಇಸ್ತ್ರಿ ಮಾಡಿದೆ. ಆಮೇಲೆ ಹೋದೆ.’’

‘‘ಕೂತ್ಕೋ.’’ ಮಿನಾ ಹಿತ್ತಿಲ ಕಡೆ ತಲೆ ಹಾಕಿ, ‘‘ಬೆರೆಂಡ್, ಒಳಗೆ ಬನ್ನಿ. ಸುದ್ದಿ ಬಂದಿದೆ,’’ ಎಂದು ಕರೆದಳು.

ಬೆರೆಂಡ್ ಬಂದ. ಇನೆಕೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. ‘‘ಇವರ ಯಜಮಾನರು,’’ ಎಂದಳು ಮಿನಾ, ‘‘ಲೇಂಡರ್ಟ್.’’ ಬೆರೆಂಡ್ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದು ಶುರುಮಾಡಿದ. ಹೊಲದ ದಣಿವಿನ ದನಿ, ಅವಸರವಿಲ್ಲ, ರಾಗವಿಲ್ಲ. ಮಿನಾ ಜೊತೆಗೂಡಿದಳು. ಇನೆಕೆ ಕೂತು ಕೇಳಿದಳು. ಕಿಟಕಿಯ ಗಾಜಿನ ಮೇಲೆ ಜಾಮಿನ ಹಬೆ ಹನಿಯಾಗಿ ಇಳಿಯುತ್ತಿತ್ತು. ಆಮೆನ್ ಎಂಬ ಮಾತೊಂದನ್ನು ಮಾತ್ರ ಅವಳೂ ಹೇಳಿದಳು.

ಮಿನಾ ಒಂದು ಪುಟ್ಟ ಲೋಟಕ್ಕೆ ಜಿನ್ ಸುರಿದು ಮುಂದಿಟ್ಟಳು. ಅವಳು ಕುಡಿದು ಮುಗಿಸುವ ತನಕ ಕಾದು, ಮೆಲ್ಲಗೆ ಕೇಳಿದಳು: ‘‘ಇವತ್ತು ಹೇಳೋಕೆ ಬಂದದ್ದು ಬೇರೆ ಯಾರದಾದ್ರೂ ಇದೆಯಾ?’’

‘‘ಗ್ಯಾರಿಟ್ ಅಜ್ಜ. ಇವತ್ತು ಬೆಳಿಗ್ಗೆ. ಶನಿವಾರ ಮಣ್ಣು. ಹೊರೋಕೆ ಬರಬೇಕಂತೆ.’’

‘‘ರೀ,’’ ಎಂದಳು ಮಿನಾ, ‘‘ಟೋಪಿ ಹಾಕ್ಕೋಬೇಡಿ.’’

ಇನ್ನೊಮ್ಮೆ ಪ್ರಾರ್ಥನೆಯಾಯಿತು.

ಉಳಿದ ಮನೆಗಳಲ್ಲಿ ಇನೆಕೆ ತಪ್ಪಲಿಲ್ಲ.

ಗುರುವಾರ ಕೊರ್ರಿಯ ಫೋನು ಬಂತು. ಇನೆಕೆ ಅದನ್ನು ಡಬ್ಬಿಗೆ ಒರಗಿಸಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು. ಫೆನ್ನಾ ಅಪ್ಪನ ಕಪ್ಪು ಕೋಟಿನ ತೋಳು ಮಡಚಿ ಅಮ್ಮನ ಅಳತೆಗೆ ಟಾಕು ಹಾಕುತ್ತಿದ್ದಳು.

‘‘ಶನಿವಾರ ಬರೋಕಾಗಲ್ಲ, ಕೊರ್ರಿ. ಎದುರು ಮನೆಯವರು ತೀರಿಕೊಂಡಿದ್ದಾರೆ. ಹೊರಬೇಕು.’’

‘‘ಹೊರೋಕೆ ಕೂಲಿಯವರು ಸಿಗಲ್ವಾ ಆ ಊರಲ್ಲಿ?’’

‘‘ಸಿಗ್ತಾರೆ. ಕರೆಯೋ ರೂಢಿ ಇಲ್ಲ.’’

‘‘ಮನೆ ಕೈ ತಪ್ಪುತ್ತೆ ಕಣೇ. ನೆನಪಿರಲಿ.’’

‘‘ತಪ್ಪಲಿ.’’

‘‘ನಿನಗೆ ಅಲ್ಲಿ ಚೆನ್ನಾಗಿದೆಯೇನೇ?’’ ಎಂದಳು ಕೊರ್ರಿ, ಈ ಸಲ ನಿಜಕ್ಕೂ ಉತ್ತರ ಬೇಕಾದವಳ ಹಾಗೆ.

ಇನೆಕೆ ಯೋಚಿಸಿದಳು. ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ‘‘ಚೆನ್ನಾಗಿದೆಯಾ ಅಂತ ನನಗೆ ಎಲ್ಲೂ ಗೊತ್ತಾಗ್ತಿಲ್ಲ. ಆದ್ರೆ ಇಲ್ಲಿ ಶನಿವಾರ ನನಗೊಂದು ಜಾಗ ಇದೆ. ಎಡಗಡೆ, ಹಿಂದಿನ ಸಾಲು.’’

ಶನಿವಾರ ಮುಂಬಾಗಿಲಿನಿಂದ ಗ್ಯಾರಿಟ್ ಅಜ್ಜನನ್ನು ಎತ್ತಿದರು. ಕುಳ್ಳಗಿದ್ದ ಇನೆಕೆಗೆ ಹಿಂದಿನ ಸಾಲು, ಪಕ್ಕದಲ್ಲಿ ಬೆರೆಂಡ್. ‘‘ಎಡಗಾಲು ಮೊದಲು. ಇಳಿಜಾರಲ್ಲಿ ಅಜ್ಜ ನಿಮ್ಮ ಕಡೆ ವಾಲ್ತಾನೆ, ಬದುಕಿದ್ದಾಗಲೂ ಹೆಂಗಸರ ಕಡೇನೇ ವಾಲ್ತಿದ್ದ,’’ ಎಂದು ಪಿಸುಗುಟ್ಟಿದ. ಮುಂದಿನ ಸಾಲಿನಿಂದ ಯಾರೋ ಮೂಗಿನಲ್ಲಿ ನಕ್ಕರು. ಶವಪೆಟ್ಟಿಗೆಯ ಮರದ ಅಂಚು ಭುಜದ ಮೂಳೆಗೆ ಕೂತಿತು. ಇಳಿಜಾರಿನಲ್ಲಿ ಅಜ್ಜ ವಾಲಿದ. ಇನೆಕೆ ಹಲ್ಲು ಕಚ್ಚಿ ಹಿಡಿದಳು. ಗೋರಿಯ ಹಳ್ಳದ ತನಕ ಇಳಿಸಲಿಲ್ಲ.

ಸಂಜೆ ಮನೆಗೆ ಬಂದು ಕೋಟು ಬಿಚ್ಚಲು ಹೋದರೆ ತೋಳು ಮೇಲೇಳಲೊಲ್ಲದು. ಫೆನ್ನಾ ಅಂಗಿ ಸರಿಸಿ ನೋಡಿದಳು. ಭುಜದ ಮೇಲೆ ನೇರಳೆ ಬಣ್ಣದ ಬಾಸುಂಡೆ ಎದ್ದಿತ್ತು. ಒಂದು ಬೆರಳಿನಿಂದ ಒತ್ತಿದಳು.

‘‘ನೋಯ್ತದಾ?’’

‘‘ನೋಯ್ತದೆ,’’ ಎಂದಳು ಇನೆಕೆ.

‘‘ಇಲ್ಲಿ?’’

‘‘ಅಲ್ಲೂ ನೋಯ್ತದೆ. ಒತ್ತಬೇಡ್ವೇ.’’

ಫೆನ್ನಾ ಕೈ ತೆಗೆದಳು. ಆಮೇಲೆ ಒತ್ತದೆ, ಬರೀ ಅಂಗೈಯನ್ನು ಅಲ್ಲಿಟ್ಟುಕೊಂಡು ನಿಂತಳು.